ಲ್ಯಾಪ್‌ಟಾಪ್ ವೆಬ್‌ಕ್ಯಾಮ್ ಎಷ್ಟು ಚೆನ್ನಾಗಿದೆ? ಸ್ಕೇಲು, ಬಿಳಿ ಹಾಳೆ ಹಿಡಿದು ನೀವೇ ನೋಡಿ

ವಿಡಿಯೋ ಕಾಲ್‌ನಲ್ಲಿ ಮುಖ ಮಂಕಾಗಿ ಕಂಡರೆ ಬೈಗುಳ ಬೀಳುವುದು ಕ್ಯಾಮೆರಾಗೆ. ಪಾಪ, ಎಷ್ಟೋ ಸಲ ತಪ್ಪು ಅದರದ್ದಾಗಿರುವುದಿಲ್ಲ. ಕೋಣೆಯ ಬೆಳಕು ಸಾಲದೇ ಇರಬಹುದು. ಲೆನ್ಸಿನ ಮೇಲೆ ಬೆರಳಿನ ಜಿಡ್ಡು ಕೂತಿರಬಹುದು. ನೆಟ್ ನಿಧಾನ ಇದೆ ಅಂತ ಆ್ಯಪ್ ಚಿತ್ರವನ್ನು ಕುಗ್ಗಿಸಿ ಕಳಿಸುತ್ತಿರಬಹುದು. ಎಲ್ಲ ಸೇರಿಕೊಂಡಾಗ ನಮಗೆ ಕಾಣುವುದು ಒಂದೇ, ಚಿತ್ರ ಸರಿಯಿಲ್ಲ ಅಂತ. ಒಂದೊಂದನ್ನೇ ಬಿಡಿಸಿ ನೋಡಿದರೆ ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ ಅನ್ನುವುದು ಗೊತ್ತಾಗುತ್ತದೆ.

ಇದಕ್ಕೆ ಲ್ಯಾಬ್ ಗೀಬ್ ಏನೂ ಬೇಡ. ಮಿಲಿಮೀಟರ್ ಗೆರೆಗಳಿರುವ ಒಂದು ಸ್ಕೇಲು, ಅಳತೆ ಟೇಪು, ಬಿಳಿ ಹಾಳೆ, ಕಪ್ಪು ರಟ್ಟಿನ ಪುಸ್ತಕ, ಟೇಬಲ್ ಲ್ಯಾಂಪ್, ಸ್ಟಾಪ್‌ವಾಚ್ ಇರುವ ಫೋನ್. ಇಷ್ಟಿದ್ದರೆ ಸಾಕು. ಹಗಲಿನಲ್ಲಿ ಸ್ವಲ್ಪ ಹೊತ್ತು, ರಾತ್ರಿ ಸ್ವಲ್ಪ ಹೊತ್ತು ಬೇಕು.

ಮೊದಲು ಲೆನ್ಸ್ ಒರೆಸಿ

ನಗಬೇಡಿ, ಇದೇ ಮೊದಲ ಹೆಜ್ಜೆ. ಲ್ಯಾಪ್‌ಟಾಪ್ ತೆರೆಯುವಾಗ ನಮ್ಮ ಹೆಬ್ಬೆರಳು ಹೋಗಿ ಕೂರುವುದು ಸ್ಕ್ರೀನಿನ ಮೇಲಂಚಿನ ನಡುವಿಗೆ. ಕ್ಯಾಮೆರಾ ಇರುವುದೂ ಅಲ್ಲೇ. ಒರೆಸುವ ಮುಂಚೆ ಟೇಬಲ್ ಲ್ಯಾಂಪ್ ಹಚ್ಚಿ, ಅದು ಚಿತ್ರದ ಮೂಲೆಯಲ್ಲಿ ಬೀಳುವ ಹಾಗೆ ಇಟ್ಟು ಒಂದು ಫೋಟೋ ತೆಗೆದಿಡಿ. ಕನ್ನಡಕ ಒರೆಸುವ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಅದೇ ಜಾಗದಿಂದ ಇನ್ನೊಂದು ತೆಗೆಯಿರಿ. ಮೊದಲ ಫೋಟೋದಲ್ಲಿ ದೀಪದ ಸುತ್ತ ಹಾಲಿನಂಥ ಮಬ್ಬು ಹರಡಿ, ಎರಡನೆಯದರಲ್ಲಿ ಅದು ಕಡಿಮೆಯಾಗಿದ್ದರೆ ನಿಮ್ಮ ಅರ್ಧ ಸಮಸ್ಯೆ ಬಗೆಹರಿದಂತೆಯೇ.

ಹೊಸ ಲ್ಯಾಪ್‌ಟಾಪ್ ಆದರೆ ಕಂಪನಿಯವರು ಅಂಟಿಸಿದ ತೆಳು ಪ್ಲಾಸ್ಟಿಕ್ ಹಾಳೆ ಇನ್ನೂ ಅಲ್ಲೇ ಇದೆಯಾ ಅಂತ ಉಗುರಿನಿಂದ ಮುಟ್ಟಿ ನೋಡಿ. ಜಾರುವ ಮುಚ್ಚಳ ಇದ್ದರೆ ಪೂರ್ತಿ ಸರಿದಿದೆಯಾ ಅಂತಲೂ ನೋಡಿ. ಅರ್ಧ ತೆರೆದರೆ ಒಂದು ಬದಿ ಕಪ್ಪಾಗುತ್ತದೆ.

ಯಾವ ಆ್ಯಪ್‌ನಲ್ಲಿ ನೋಡಬೇಕು

ವಿಡಿಯೋ ಕಾಲ್ ಆ್ಯಪ್‌ನಲ್ಲಿ ಬೇಡ. ಅದರಲ್ಲಿ ಕ್ಯಾಮೆರಾದ ಗುಣ ಎಷ್ಟು, ಆ್ಯಪ್‌ನ ಕೈಚಳಕ ಎಷ್ಟು ಅಂತ ಹೇಳಲು ಬರುವುದಿಲ್ಲ. ವಿಂಡೋಸ್‌ನಲ್ಲಿ ಅದರದ್ದೇ ಕ್ಯಾಮೆರಾ ಆ್ಯಪ್ ಇದೆ. ಮ್ಯಾಕ್‌ನಲ್ಲಿ ಫೋಟೋ ಬೂತ್ ಅಥವಾ ಕ್ವಿಕ್‌ಟೈಮ್ ಪ್ಲೇಯರ್, ಲಿನಕ್ಸ್‌ನಲ್ಲಿ ಚೀಸ್. ಇನ್ನೂ ಒಳಹೊಕ್ಕು ನೋಡುವ ಆಸೆ ಇದ್ದರೆ ಓಬಿಎಸ್ ಸ್ಟುಡಿಯೋ ಅನ್ನುವ ವಿಡಿಯೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದು ಉಚಿತ, ಮೂರೂ ಕಡೆ ಓಡುತ್ತದೆ.

ಶುರು ಮಾಡುವ ಮುಂಚೆ ಹಿನ್ನೆಲೆ ಮಸುಕು, ಮುಖ ತಿದ್ದುವುದು, ಸ್ಟುಡಿಯೋ ಲೈಟ್ ಮುಂತಾದ ಎಫೆಕ್ಟ್‌ಗಳನ್ನೆಲ್ಲ ಆಫ್ ಮಾಡಿ. ಇವು ಆನ್ ಇದ್ದರೆ ನೀವು ಪರೀಕ್ಷೆ ಮಾಡುತ್ತಿರುವುದು ಮೇಕಪ್ಪನ್ನು. ಕ್ಯಾಮೆರಾ ಬಳಸುವ ಬೇರೆ ಆ್ಯಪ್‌ಗಳನ್ನೂ ಮುಚ್ಚಿ.

ಈಗ ಸೆಟ್ಟಿಂಗ್ಸ್‌ಗೆ ಹೋಗಿ. ವಿಂಡೋಸ್ ಕ್ಯಾಮೆರಾ ಆ್ಯಪ್‌ನಲ್ಲಿ ಫೋಟೋ ಗುಣಮಟ್ಟದ ಕೆಳಗೆ 0.9 ಮೆಗಾಪಿಕ್ಸೆಲ್ ಅಂತ ಕಂಡರೆ ನಿಮ್ಮದು 720ಪಿ ಕ್ಯಾಮೆರಾ. 1280 ಅನ್ನು 720ರಿಂದ ಗುಣಿಸಿದರೆ 9,21,600 ಪಿಕ್ಸೆಲ್, ಅದೇ ಆ 0.9. 2.1 ಅಂತಿದ್ದರೆ 1920 × 1080, ಅಂದರೆ 1080ಪಿ. ಪಟ್ಟಿಯಲ್ಲಿ ಇರುವುದರಲ್ಲೇ ದೊಡ್ಡದನ್ನು ಆರಿಸಿ, ವಿಡಿಯೋ ಗುಣಮಟ್ಟವನ್ನೂ ಹಾಗೇ ಇಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇದು ಸುಮ್ನೆ ಕಡಿಮೆಯದರಲ್ಲಿ ನಿಂತಿರುತ್ತದೆ, ಯಾರೂ ತಿರುಗಿ ನೋಡಿರುವುದಿಲ್ಲ.

ಒಂದು ಮಾತು ನೆನಪಿಡಿ. ತೆಗೆದ ಫೋಟೋಗಳನ್ನು ಪರೀಕ್ಷಿಸುವಾಗ ಯಾವಾಗಲೂ 100% ಗಾತ್ರದಲ್ಲಿ ನೋಡಬೇಕು. ಅಂದರೆ ಚಿತ್ರದ ಒಂದು ಪಿಕ್ಸೆಲ್‌ಗೆ ಸ್ಕ್ರೀನಿನ ಒಂದು ಪಿಕ್ಸೆಲ್. ಸ್ಕ್ರೀನಿಗೆ ಹೊಂದಿಸಿ ತೋರಿಸಿದ ಚಿತ್ರದಲ್ಲಿ ಒಳ್ಳೆಯದೂ ಕೆಟ್ಟದ್ದೂ ಒಂದೇ ಥರ ಕಾಣಬಹುದು.

ಸ್ಕೇಲಿನ ಪರೀಕ್ಷೆ

ಎಚ್‌ಡಿ ಅಂತ ಸ್ಟಿಕ್ಕರ್ ಅಂಟಿಸಿದ ಮಾತ್ರಕ್ಕೆ ಅಷ್ಟು ವಿವರ ಚಿತ್ರದಲ್ಲಿ ಇರಲೇಬೇಕು ಅಂತಿಲ್ಲ. ಲ್ಯಾಪ್‌ಟಾಪ್‌ನ ಸ್ಕ್ರೀನ್ ಮುಚ್ಚಳ ಕೆಲವೇ ಮಿಲಿಮೀಟರ್ ದಪ್ಪ. ಫೋನಿನಷ್ಟೂ ಜಾಗ ಅಲ್ಲಿಲ್ಲ. ಅಷ್ಟರಲ್ಲೇ ಲೆನ್ಸ್, ಬೆಳಕನ್ನು ಚಿತ್ರವಾಗಿಸುವ ಚಿಪ್ಪಾದ ಸೆನ್ಸರ್ ಎರಡನ್ನೂ ತುರುಕಬೇಕು. ಹಾಗಾಗಿ ಸೆನ್ಸರ್ ಬಹಳ ಚಿಕ್ಕದು. ಪಿಕ್ಸೆಲ್ ಲೆಕ್ಕ ದೊಡ್ಡದಿದ್ದರೂ ಲೆನ್ಸ್ ಅಷ್ಟು ಸೂಕ್ಷ್ಮ ಚಿತ್ರ ಮೂಡಿಸದೇ ಹೋದರೆ ಏನು ಪ್ರಯೋಜನ, ಅಲ್ವಾ?

ಹಗಲು ಹೊತ್ತು, ಕಿಟಕಿಯ ಹತ್ತಿರ ಇದನ್ನು ಮಾಡಿ. ಬೆಳಕು ಧಾರಾಳವಾಗಿರಲಿ, ಆಗ ಕತ್ತಲೆಯ ನೆಪ ಇರುವುದಿಲ್ಲ. ಲ್ಯಾಪ್‌ಟಾಪನ್ನು ಗೋಡೆಗೆ ಎದುರಾಗಿ, ಲೆನ್ಸಿನಿಂದ ಗೋಡೆಗೆ ಸರಿಯಾಗಿ 50 ಸೆಂ.ಮೀ. ಇರುವಂತೆ ಇಡಿ. ಗೋಡೆಗೆ ಅಡ್ಡಲಾಗಿ ಟೇಪು ಹಿಡಿದು ಚಿತ್ರದ ಎಡ ತುದಿಯಿಂದ ಬಲ ತುದಿಯವರೆಗೆ ಎಷ್ಟು ಸೆಂ.ಮೀ. ಕಾಣುತ್ತದೆ ನೋಡಿ. ಉದಾಹರಣೆಗೆ 60 ಬಂತು ಅಂದುಕೊಳ್ಳಿ. ಕ್ಯಾಮೆರಾ ಅಡ್ಡಕ್ಕೆ ನೋಡುವ ಕೋನ ಸುಮಾರು 62 ಡಿಗ್ರಿ ಅಂತಾಯಿತು. ಕೋನಕ್ಕಿಂತ ನಮಗೆ ಬೇಕಾದ ಲೆಕ್ಕ ಇನ್ನೊಂದು. 60 ಸೆಂ.ಮೀ. ಅಂದರೆ 600 ಮಿ.ಮೀ. ಅಷ್ಟಗಲಕ್ಕೆ 1280 ಪಿಕ್ಸೆಲ್ ಹಂಚಿದರೆ ಒಂದು ಮಿಲಿಮೀಟರಿಗೆ 2.1 ಪಿಕ್ಸೆಲ್ ಸಿಗುತ್ತದೆ.

ಸ್ಕೇಲಿನ ಮೇಲೆ ಒಂದು ಮಿಲಿಮೀಟರಿನಲ್ಲಿ ಏನಿದೆ? ಒಂದು ಕಪ್ಪು ಗೆರೆ, ಒಂದು ಖಾಲಿ ಜಾಗ. ಎರಡನ್ನೂ ಬೇರೆ ಬೇರೆ ತೋರಿಸಲು ಲೆಕ್ಕದಲ್ಲಿ ಕಡಿಮೆಯೆಂದರೂ 2 ಪಿಕ್ಸೆಲ್ ಬೇಕು, ನಿಜದಲ್ಲಿ 3 ಇದ್ದರೆ ಒಳ್ಳೆಯದು. ಏಕೆಂದರೆ ಸೆನ್ಸರಿನ ಪ್ರತಿ ಪಿಕ್ಸೆಲ್ ನೋಡುವುದು ಒಂದೇ ಬಣ್ಣ. ಅರ್ಧದಷ್ಟು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಮಿಕ್ಕ ಬಣ್ಣವನ್ನು ಪಕ್ಕದ ಪಿಕ್ಸೆಲ್ ನೋಡಿ ಊಹಿಸುತ್ತದೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಪಡೆದರು. ಇವತ್ತಿಗೂ ಬಹುತೇಕ ಕ್ಯಾಮೆರಾಗಳಲ್ಲಿ ಇರುವುದು ಅದೇ.

ಹಾಗಾಗಿ 50 ಸೆಂ.ಮೀ. ದೂರದಲ್ಲಿ 720ಪಿ ಕ್ಯಾಮೆರಾ ಮಿಲಿಮೀಟರ್ ಗೆರೆಗಳನ್ನು ಬೂದು ಪಟ್ಟಿ ಮಾಡಿಬಿಟ್ಟರೆ ಅದನ್ನು ದೂರುವಂತಿಲ್ಲ. 5 ಮಿ.ಮೀ.ಯ ಉದ್ದ ಗೆರೆಗಳು ಮಾತ್ರ ಖಡಕ್ಕಾಗಿ ಕಾಣಬೇಕು. 1080ಪಿ ಆದರೆ ಅದೇ ದೂರದಲ್ಲಿ ಮಿಲಿಮೀಟರಿಗೆ 3.2 ಪಿಕ್ಸೆಲ್, ಗೆರೆಗಳನ್ನು ಎಣಿಸಲು ಬರಬೇಕು. ಈಗ ಸ್ಕೇಲನ್ನು 30 ಸೆಂ.ಮೀ.ಗೆ ತನ್ನಿ. ಇಲ್ಲಿ 720ಪಿಗೂ ಮಿಲಿಮೀಟರಿಗೆ ಮೂರೂವರೆ ಪಿಕ್ಸೆಲ್ ಸಿಗುತ್ತದೆ. ಇಲ್ಲೂ ಗೆರೆಗಳು ಬೂದು ಪಟ್ಟಿಯಾಗಿಯೇ ಇದ್ದರೆ ಎಲ್ಲೋ ಎಡವಟ್ಟಾಗಿದೆ.

ಎಲ್ಲಿ ಅಂತ ಹುಡುಕಲು ಎರಡು ದಾರಿ. ಒಂದು ಫೋಕಸ್. ಹೆಚ್ಚಿನ ಲ್ಯಾಪ್‌ಟಾಪ್ ಕ್ಯಾಮೆರಾಗಳಲ್ಲಿ ಫೋಕಸ್ ಹಿಂದೆ ಮುಂದೆ ಆಗುವುದಿಲ್ಲ. ನಾವು ಕೂರುವಷ್ಟು ದೂರಕ್ಕೆ ಅದನ್ನು ಕೂರಿಸಿಬಿಟ್ಟಿರುತ್ತಾರೆ. ತೀರಾ ಹತ್ತಿರ ತಂದರೆ ಮಸುಕಾಗುವುದು ಸಹಜ. ಇದನ್ನು ನೋಡಲು ಬಿಳಿ ಹಾಳೆಯ ಮೇಲೆ ಕಪ್ಪು ಪುಸ್ತಕವನ್ನು ಸ್ವಲ್ಪ ಓರೆಯಾಗಿ ಅಂಟಿಸಿ, 30, 50, 80, 150 ಸೆಂ.ಮೀ. ದೂರದಿಂದ ಒಂದೊಂದು ಫೋಟೋ ತೆಗೆಯಿರಿ. ಆಮೇಲೆ ಫೋಟೋವನ್ನು ಚೌಕಗಳು ಕಾಣುವ ತನಕ ದೊಡ್ಡದು ಮಾಡಿ, ಕಪ್ಪಿನಿಂದ ಬಿಳಿಗೆ ಹೋಗಲು ಎಷ್ಟು ಪಿಕ್ಸೆಲ್ ಹಿಡಿಯಿತು ಅಂತ ಎಣಿಸಿ. ಎರಡು ಮೂರರಲ್ಲಿ ಮುಗಿದರೆ ಚಿತ್ರ ಚೂಪಾಗಿದೆ. ಆರೋ ಎಂಟೋ ಹಿಡಿದರೆ ಅಲ್ಲಿ ಫೋಕಸ್ ಇಲ್ಲ. ಓರೆ ಅಂಚು ಹಿಡಿದು ಅಳೆಯುವ ವಿಧಾನ ಐಎಸ್‌ಒ 12233 ಅನ್ನುವ ಕ್ಯಾಮೆರಾ ಮಾನದಂಡದಲ್ಲೇ ಇದೆ. ನಾವು ಅದನ್ನು ಕೈಲೆಕ್ಕದಲ್ಲಿ ಮಾಡುತ್ತಿದ್ದೇವೆ, ಅಷ್ಟೇ. ನೀವು ಮಾಮೂಲಾಗಿ ಕೂರುವ ದೂರದಲ್ಲಿ ಅಂಚು ಚೂಪಾಗಿದ್ದರೆ 30 ಸೆಂ.ಮೀ.ಯ ಮಸುಕನ್ನು ಮರೆತುಬಿಡಿ.

ಎರಡನೆಯದು ಸುಳ್ಳು ರೆಸಲ್ಯೂಶನ್. ಕಡಿಮೆ ಪಿಕ್ಸೆಲ್‌ನ ಚಿತ್ರವನ್ನು ಸಾಫ್ಟ್‌ವೇರ್ ಹಿಗ್ಗಿಸಿ ಇದು ದೊಡ್ಡದು ಅಂತ ಕೊಡುವುದುಂಟು. ಓಬಿಎಸ್‌ನಲ್ಲಿ ಅದೇ ಸ್ಕೇಲನ್ನು ಒಮ್ಮೆ 640 × 360ರಲ್ಲಿ, ಒಮ್ಮೆ 1280 × 720ರಲ್ಲಿ ಹಿಡಿಯಿರಿ. ಸ್ಕೇಲನ್ನು ಹಿಂದಕ್ಕೆ ಸರಿಸುತ್ತಾ ಗೆರೆಗಳು ಎಲ್ಲಿ ಒಂದಾಗುತ್ತವೆ ನೋಡಿ. ಎರಡರಲ್ಲೂ ಒಂದೇ ದೂರದಲ್ಲಿ ಒಂದಾದರೆ ದೊಡ್ಡ ಸಂಖ್ಯೆಯಿಂದ ನಿಮಗೆ ಏನೂ ಸಿಗುತ್ತಿಲ್ಲ. 640 × 480 ಬೇಡ, ಅದರಲ್ಲಿ ಚಿತ್ರದ ಬದಿಗಳು ಕತ್ತರಿಸಿ ಹೋಗಿ ಹೋಲಿಕೆ ಕೆಡಬಹುದು.

ಕಪ್ಪು ಅಂಚಿನ ಪಕ್ಕದಲ್ಲಿ ಹಾಳೆಗಿಂತಲೂ ಬೆಳ್ಳಗಿನ ಒಂದು ಗೆರೆ ಕಾಣುತ್ತದಾ? ಅದು ಶಾರ್ಪ್‌ನೆಸ್ ಜಾಸ್ತಿ ಮಾಡಿದ್ದರ ಗುರುತು. ನೋಡಲು ಚೂಪು ಅನಿಸುತ್ತದೆ, ವಿವರ ಮಾತ್ರ ಹೆಚ್ಚಿರುವುದಿಲ್ಲ. ಸೆಟ್ಟಿಂಗ್‌ನಲ್ಲಿ ಇಳಿಸಲು ಬಂದರೆ ಇಳಿಸಿ. ಮೂಲೆಗಳಲ್ಲೂ ಸ್ಕೇಲು ಹಿಡಿದು ನೋಡಬಹುದು. ಅಲ್ಲಿ ಸ್ವಲ್ಪ ಮಸುಕು, ಸ್ವಲ್ಪ ಕತ್ತಲೆ ಇದ್ದೇ ಇರುತ್ತದೆ. ಮುಖ ನಡುವೆ ಇರುವಾಗ ನಾನಂತೂ ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ.

ರಾತ್ರಿಯ ಪರೀಕ್ಷೆ

ನನ್ನ ಪ್ರಕಾರ ವೆಬ್‌ಕ್ಯಾಮ್‌ನ ನಿಜವಾದ ಬಣ್ಣ ಬಯಲಾಗುವುದು ರಾತ್ರಿ. ಹಗಲಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತರೆ ಸಾಧಾರಣ ಕ್ಯಾಮೆರಾವೂ ಪಾಸಾಗುತ್ತದೆ. ಸಮಯ ಕಡಿಮೆ ಇದ್ದರೆ ಮಿಕ್ಕಿದ್ದನ್ನು ಬಿಟ್ಟು ಇದೊಂದನ್ನೇ ಮಾಡಿ.

ಮೂರು ಬೆಳಕಿನಲ್ಲಿ ಒಂದೊಂದು ಫೋಟೋ, ಹತ್ತು ಸೆಕೆಂಡಿನ ಒಂದೊಂದು ವಿಡಿಯೋ ತೆಗೆಯಿರಿ. ಒಂದು, ಹಗಲು, ಕಿಟಕಿ ನಿಮ್ಮ ಎದುರಿಗೆ. ಎರಡು, ಹಗಲು, ಕಿಟಕಿ ನಿಮ್ಮ ಬೆನ್ನಿಗೆ. ಮೂರು, ರಾತ್ರಿ, ನೀವು ದಿನಾ ಹಚ್ಚುವ ದೀಪ ಮಾತ್ರ. ಕುರ್ಚಿ, ದೂರ, ಅಂಗಿ ಯಾವುದೂ ಬದಲಾಗಬಾರದು. ವಿಡಿಯೋದಲ್ಲಿ ಒಂದು ಸಲ ಮುಖದ ಮುಂದೆ ಕೈ ಬೀಸಿ, ತಲೆ ಅತ್ತಿತ್ತ ತಿರುಗಿಸಿ. ಫೈಲಿಗೆ ಹೆಸರು ಇಡುವಾಗ ‘ರಾತ್ರಿ, ದೀಪ, 60 ಸೆಂ.ಮೀ.’ ಅಂತ ಪೂರ್ತಿ ಬರೆಯಿರಿ. ನಾಳೆ ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗಬೇಕಲ್ಲ.

ಈಗ ಹುಬ್ಬು ನೋಡಿ. ಮೊದಲ ಫೋಟೋದಲ್ಲಿ ಒಂದೊಂದು ಕೂದಲೂ ಸ್ವಲ್ಪವಾದರೂ ಬೇರೆ ಬೇರೆ ಕಾಣುತ್ತದೆ. ರಾತ್ರಿಯದರಲ್ಲಿ ಅದೇ ಹುಬ್ಬು ಕುಂಚದಿಂದ ಎಳೆದ ಗೆರೆಯ ಹಾಗೆ ಆಗಿರುತ್ತದೆ. ಬೆಳಕು ಕಡಿಮೆಯಾದಾಗ ಕ್ಯಾಮೆರಾ ಗೇನ್ ಏರಿಸುತ್ತದೆ, ಅಂದರೆ ಬಂದ ಸಣ್ಣ ಸಿಗ್ನಲನ್ನೇ ದೊಡ್ಡದು ಮಾಡುತ್ತದೆ. ಜೊತೆಗೆ ಕಾಳುಕಾಳಾದ ನಾಯ್ಸೂ ದೊಡ್ಡದಾಗುತ್ತದೆ. ಅದನ್ನು ಅಳಿಸಲು ಸಾಫ್ಟ್‌ವೇರ್ ಚಿತ್ರವನ್ನು ಸವರುತ್ತದೆ. ಸವರುವಾಗ ಕಾಳಿನ ಜೊತೆ ಕೂದಲೂ ಹೋಗುತ್ತದೆ. ಕೆನ್ನೆ ಮೇಣದಂತೆ ಕಂಡರೆ, ಅಂಗಿಯ ನೇಯ್ಗೆ ಮಾಯವಾಗಿದ್ದರೆ, ಕೈ ಬೀಸಿದಾಗ ಹಿಂದೆ ನೆರಳಿನಂತೆ ಬಾಲ ಬಂದರೆ ಸವರಿದ್ದು ಜಾಸ್ತಿಯಾಗಿದೆ.

ಎಕ್ಸ್‌ಪೋಷರ್, ಅಂದರೆ ಸೆನ್ಸರ್ ಬೆಳಕು ಹಿಡಿಯುವ ಹೊತ್ತು, ಇನ್ನೊಂದು ಆಟ ಆಡುತ್ತದೆ. ಸೆಕೆಂಡಿಗೆ 30 ಫ್ರೇಮ್ (ವಿಡಿಯೋದ ಬಿಡಿ ಚಿತ್ರಗಳು) ಬರಬೇಕಾದರೆ ಒಂದು ಫ್ರೇಮಿಗೆ 1/30 ಸೆಕೆಂಡಿಗಿಂತ ಜಾಸ್ತಿ ಹೊತ್ತು ಬೆಳಕು ಕುಡಿಯಲು ಆಗದು. ಕತ್ತಲೆಯಲ್ಲಿ ಕ್ಯಾಮೆರಾ ಅದನ್ನು 1/15ಕ್ಕೆ ಎಳೆದರೆ ಫ್ರೇಮುಗಳೂ 15ಕ್ಕೆ ಇಳಿಯುತ್ತವೆ. ಮುಖ ಬೆಳಗುತ್ತದೆ, ಚಲನೆ ಮಾತ್ರ ತಡವರಿಸುತ್ತದೆ. ವಿಂಡೋಸ್‌ನಲ್ಲಿ ಓಬಿಎಸ್ ಮೂಲಕ ಕ್ಯಾಮೆರಾದ ಡ್ರೈವರ್ ಸೆಟ್ಟಿಂಗ್ ತೆರೆದರೆ ಎಕ್ಸ್‌ಪೋಷರ್ ಪಕ್ಕ -5, -6 ಥರದ ಅಂಕಿ ಕಾಣಿಸುತ್ತದೆ. -5 ಅಂದರೆ 1/32 ಸೆಕೆಂಡ್, -6 ಅಂದರೆ 1/64. ಒಂದು ಮೆಟ್ಟಿಲು ಇಳಿದರೆ ಬೆಳಕು ಅರ್ಧ. ಅಲ್ಲೇ ಲೋ ಲೈಟ್ ಕಾಂಪೆನ್ಸೇಷನ್ ಅನ್ನುವ ಗುರುತು ಇದ್ದರೆ ಅದನ್ನು ತೆಗೆದು, ಹಾಕಿ ನೋಡಿ. ತೆಗೆದಾಗ ಚಿತ್ರ ಕತ್ತಲಾದರೂ ಚಲನೆ ಸಲೀಸಾದರೆ ಕಾರಣ ಕೈಗೆ ಸಿಕ್ಕಿತು.

ಇಷ್ಟೆಲ್ಲ ಆದ ಮೇಲೆ ಟೇಬಲ್ ಲ್ಯಾಂಪನ್ನು ಲ್ಯಾಪ್‌ಟಾಪ್ ಹಿಂದೆ ಇಟ್ಟು, ಮುಖಕ್ಕೆ ಬೆಳಕು ಬೀಳುವಂತೆ ತಿರುಗಿಸಿ ಮತ್ತೆ ತೆಗೆಯಿರಿ. ದೀಪವನ್ನು ಅರ್ಧ ದೂರಕ್ಕೆ ತಂದರೆ ಮುಖದ ಮೇಲೆ ಬೀಳುವ ಬೆಳಕು ಹೆಚ್ಚು ಕಡಿಮೆ ನಾಲ್ಕು ಪಟ್ಟಾಗುತ್ತದೆ. ಈಗ ಹುಬ್ಬಿನ ಕೂದಲು ವಾಪಸ್ ಬಂದರೆ ಕ್ಯಾಮೆರಾ ಕೊಳ್ಳುವ ಯೋಚನೆ ಬಿಡಿ, ನಿಮಗೆ ಬೇಕಾಗಿರುವುದು ದೀಪ.

ಕಿಟಕಿ ಬೆನ್ನಿಗಿದ್ದ ಫೋಟೋ? ಅದರಲ್ಲಿ ಮುಖ ಕಪ್ಪಾಗಿರುತ್ತದೆ ಅಥವಾ ಕಿಟಕಿ ಬರೀ ಬಿಳಿ ಚೌಕವಾಗಿರುತ್ತದೆ. ಚಿಕ್ಕ ಸೆನ್ಸರ್‌ಗಳೆಲ್ಲ ಇಲ್ಲಿ ಸೋಲುತ್ತವೆ. ಎಷ್ಟು ಸೋತಿತು ಅಂತ ನೋಡಿಕೊಂಡು ಕುರ್ಚಿ ತಿರುಗಿಸುವುದು ಜಾಣತನ.

ಓಡುವ ಪಟ್ಟಿಗಳು

ಚಿತ್ರದ ಮೇಲೆ ಅಡ್ಡ ಪಟ್ಟಿಗಳು ಮೇಲಿಂದ ಕೆಳಕ್ಕೆ ಸರಿಯುತ್ತಿದ್ದರೆ ಕ್ಯಾಮೆರಾ ಕೆಟ್ಟಿದೆ ಅಂತ ಗಾಬರಿ ಬೇಡ. 50 ಹರ್ಟ್ಜ್ ಕರೆಂಟಿನಲ್ಲಿ ದೀಪ ಸೆಕೆಂಡಿಗೆ 100 ಸಲ, 60 ಹರ್ಟ್ಜ್‌ನಲ್ಲಿ 120 ಸಲ ಮಿಣುಕುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ವೆಬ್‌ಕ್ಯಾಮ್ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ, ಹಾಗಾಗಿ ಕೆಲವು ಸಾಲಿಗೆ ಬೆಳಕು ಜಾಸ್ತಿ, ಕೆಲವಕ್ಕೆ ಕಡಿಮೆ. ಫ್ಲಿಕರ್ ರಿಡಕ್ಷನ್ ಅಥವಾ ಪವರ್ ಲೈನ್ ಫ್ರೀಕ್ವೆನ್ಸಿ ಅನ್ನುವ ಸೆಟ್ಟಿಂಗನ್ನು ನೀವಿರುವ ಜಾಗದ ಕರೆಂಟಿಗೆ ತಕ್ಕಂತೆ ಇಡಿ. ಹೆಚ್ಚಿನ ಸಲ ಅಲ್ಲಿಗೆ ನಿಂತುಹೋಗುತ್ತದೆ. ಡಿಮ್ಮರ್ ಇರುವ ಎಲ್‌ಇಡಿ ದೀಪಗಳು ಮಾತ್ರ ಹಠ ಮಾಡಬಹುದು, ಅವುಗಳ ಮಿಣುಕಿಗೆ ಬೇರೆಯೇ ಲೆಕ್ಕ.

ಸಾಲು ಸಾಲಾಗಿ ಓದುವುದನ್ನು ನೋಡಬೇಕಾ? ಸ್ಕೇಲನ್ನು ನೆಟ್ಟಗೆ ಹಿಡಿದು ಎಡಕ್ಕೆ ಬಲಕ್ಕೆ ಜೋರಾಗಿ ಆಡಿಸಿ. ನೇರ ಸ್ಕೇಲು ವಾಲಿಕೊಂಡಂತೆ ಕಾಣುತ್ತದೆ.

ಬಣ್ಣ

ಬಿಳಿ ಹಾಳೆಯನ್ನು ಮುಖದ ಪಕ್ಕ ಹಿಡಿದು ಕೆಲವು ಸೆಕೆಂಡ್ ಕಾಯಿರಿ. ವೈಟ್ ಬ್ಯಾಲೆನ್ಸ್, ಅಂದರೆ ಬಿಳಿಯನ್ನು ಬಿಳಿಯಾಗೇ ತೋರಿಸುವ ಹೊಂದಾಣಿಕೆ, ಸರಿ ಹೋಗಲು ಅಷ್ಟು ಹೊತ್ತು ಬೇಕು. ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುತ್ತಾರೆ. ಹಳದಿ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್, ಹಗಲಿನದು 5500ರಿಂದ 6500. ಎರಡರಲ್ಲೂ ಹಾಳೆ ಬಿಳಿಯಾಗಿ ಕಂಡರೆ ಒಳ್ಳೆಯ ಅಂಕ ಕೊಡಿ. ಈ ಪರೀಕ್ಷೆ ಮಾಡುವಾಗ ಲ್ಯಾಪ್‌ಟಾಪ್ ಸ್ಕ್ರೀನಿನ ಬೆಳಕು ತಗ್ಗಿಸಿ. ಪೂರ್ತಿ ಬಿಳಿ ಪುಟ ತೆರೆದಿದ್ದರೆ ಅದೇ ಒಂದು ನೀಲಿ ಛಾಯೆಯ ದೀಪವಾಗಿ ಮುಖಕ್ಕೆ ಹೊಡೆಯುತ್ತದೆ. ಒಂದು ಕಡೆ ಕಿಟಕಿ, ಇನ್ನೊಂದು ಕಡೆ ಹಳದಿ ಬಲ್ಬು ಇದ್ದರೆ ಯಾವ ಕ್ಯಾಮೆರಾವೂ ಎರಡು ಕೆನ್ನೆಗೂ ನ್ಯಾಯ ಕೊಡಲಾರದು.

ಫ್ರೇಮ್ ಎಣಿಸುವುದು

ಫೋನಿನಲ್ಲಿ ಸ್ಟಾಪ್‌ವಾಚ್ ಓಡಿಸಿ, ವೆಬ್‌ಕ್ಯಾಮ್‌ನಿಂದ ಅದನ್ನು ರೆಕಾರ್ಡ್ ಮಾಡಿ. ಆ ವಿಡಿಯೋವನ್ನು ವಿಎಲ್‌ಸಿ ವಿಡಿಯೋ ಪ್ಲೇಯರ್‌ನಲ್ಲಿ ತೆರೆದು ಕೀಬೋರ್ಡಿನ ಇ ಕೀ ಒತ್ತುತ್ತಾ ಹೋದರೆ ಒಂದೊಂದೇ ಫ್ರೇಮ್ ಮುಂದಕ್ಕೆ ಹೋಗುತ್ತದೆ. ಸ್ಟಾಪ್‌ವಾಚ್‌ನ ಒಂದು ಸೆಕೆಂಡಿಗೆ ಎಷ್ಟು ಬೇರೆ ಬೇರೆ ಫ್ರೇಮ್ ಸಿಕ್ಕಿತು ಎಣಿಸಿ. ಫೈಲಿನಲ್ಲಿ 30 ಅಂತ ಬರೆದಿದ್ದರೂ ಒಂದೇ ಫ್ರೇಮ್ ಎರಡೆರಡು ಸಲ ಬಂದಿರಬಹುದು, ಅದಕ್ಕೇ ಕೈಯಾರೆ ಎಣಿಸುವುದು.

ಹಗಲಿನಲ್ಲೂ 10 ಮಾತ್ರ ಸಿಕ್ಕಿತೇ? ಹಾಗಾದರೆ ಫಾರ್ಮ್ಯಾಟ್ ನೋಡಿ. ಹೆಚ್ಚಿನ ಲ್ಯಾಪ್‌ಟಾಪ್ ಕ್ಯಾಮೆರಾಗಳು ಒಳಗೆ ಯುಎಸ್‌ಬಿ 2.0 ತಂತಿಯಲ್ಲೇ ಕೂತಿರುತ್ತವೆ. ಅದರಲ್ಲಿ ವಿಡಿಯೋಗೆ ಅಂತ ಮೀಸಲಿಡಬಹುದಾದದ್ದು ಸೆಕೆಂಡಿಗೆ ಸುಮಾರು 24 ಮೆಗಾಬೈಟ್. ಕುಗ್ಗಿಸದ ವೈಯುವೈ2 ಫಾರ್ಮ್ಯಾಟಿನಲ್ಲಿ ಒಂದು ಪಿಕ್ಸೆಲ್‌ಗೆ 2 ಬೈಟ್. 720ಪಿ, 30 ಫ್ರೇಮ್ ಅಂದರೆ 55 ಮೆಗಾಬೈಟ್, ಹಿಡಿಸುವುದೇ ಇಲ್ಲ. 10 ಫ್ರೇಮಿಗೆ ಇಳಿದರೆ 18, ಆರಾಮಾಗಿ ಹಿಡಿಸುತ್ತದೆ. 640 × 480ರಲ್ಲಿ 30 ಫ್ರೇಮಿಗೂ ಸರಿಯಾಗಿ ಅಷ್ಟೇ. ಓಬಿಎಸ್‌ನಲ್ಲಿ ಫಾರ್ಮ್ಯಾಟನ್ನು ಎಂಜೆಪೆಗ್‌ಗೆ ಬದಲಾಯಿಸಿದರೆ ಪ್ರತಿ ಫ್ರೇಮ್ ಕುಗ್ಗಿ ಬರುತ್ತದೆ, 30 ಸಿಗುತ್ತದೆ. ಚೂರು ವಿವರ ಕಳೆದುಕೊಳ್ಳುತ್ತೀರಿ, ಮಾತಾಡುವ ಮುಖಕ್ಕೆ ಅದೇನೂ ನಷ್ಟವಲ್ಲ.

ಕೊನೆಗೆ ಕಾಲ್ ಮಾಡಿ

ಇಲ್ಲಿಯವರೆಗೆ ಎಲ್ಲ ಸರಿ ಬಂದು, ಕಾಲ್‌ನಲ್ಲಿ ಮಾತ್ರ ಚಿತ್ರ ಕೆಟ್ಟರೆ ತಪ್ಪು ಆ್ಯಪ್ ಅಥವಾ ನೆಟ್‌ನದ್ದು. ನಿಮ್ಮ ಸ್ಕ್ರೀನಿನಲ್ಲಿ ಕಾಣುವ ನಿಮ್ಮ ಮುಖವನ್ನು ನಂಬಬೇಡಿ, ಅದು ಇನ್ನೂ ನೆಟ್ ಹತ್ತಿಲ್ಲ. ಆ ಕಡೆ ಇರುವವರಿಗೆ ಸ್ಕ್ರೀನ್‌ಶಾಟ್ ತೆಗೆದು ಕಳಿಸಲು ಹೇಳಿ, ನಿಮ್ಮ ಹತ್ತಿರ ಇರುವ ಫೋಟೋ ಪಕ್ಕ ಇಟ್ಟು ನೋಡಿ. ಝೂಮ್‌ನಲ್ಲಿ ಎಚ್‌ಡಿ ಆಯ್ಕೆ, ಗೂಗಲ್ ಮೀಟ್‌ನಲ್ಲಿ ಕಳಿಸುವ ರೆಸಲ್ಯೂಶನ್ ಆಯ್ಕೆ ಇವೆ, ಅವನ್ನೂ ಒಮ್ಮೆ ನೋಡಿ. ಅಂದಹಾಗೆ ಕಾಲ್‌ನಲ್ಲಿ ಅಕ್ಷರಗಳು ಉಲ್ಟಾ ಕಂಡರೆ ಅದು ನಿಮಗೆ ಮಾತ್ರ, ಎದುರಿನವರಿಗೆ ಸರಿಯಾಗೇ ಕಾಣುತ್ತದೆ.

ಫಲಿತಾಂಶ ಏನೇ ಬರಲಿ, ನಿಮ್ಮ ಕೆಲಸಕ್ಕೆ ಎಷ್ಟು ಬೇಕು ಅನ್ನುವುದರ ಮೇಲೆ ತೀರ್ಮಾನ ಮಾಡಿ. 1991ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬ್‌ನವರು ಕಾಫಿ ಪಾತ್ರೆಯ ಮುಂದೆ ಇಟ್ಟ ಕ್ಯಾಮೆರಾ ಕೊಡುತ್ತಿದ್ದದ್ದು 128 × 128 ಪಿಕ್ಸೆಲ್‌ನ ಕಪ್ಪು ಬಿಳುಪು ಚಿತ್ರ. ಪಾತ್ರೆಯಲ್ಲಿ ಕಾಫಿ ಇದೆಯಾ ಇಲ್ಲವಾ ಅಂತ ಕುರ್ಚಿಯಿಂದ ಏಳದೇ ತಿಳಿಯಲು ಅದು ಸಾಕಾಗಿತ್ತು. ವಾರದ ಮೀಟಿಂಗ್‌ಗೆ ಮುಖ ತೋರಿಸಲು 720ಪಿ, ಜೊತೆಗೊಂದು ದೀಪ ಸಾಕು. ಪಾಠ ಹೇಳಿ ರೆಕಾರ್ಡ್ ಮಾಡುವವರಿಗೆ, ಕೈಯಲ್ಲಿ ಹಿಡಿದ ವಸ್ತು ತೋರಿಸುವವರಿಗೆ ಸಾಲದು.

ಲೆನ್ಸ್ ಒರೆಸಿ, ಹಗಲಿನ ಬೆಳಕಿನಲ್ಲಿ, ಕೂರುವ ದೂರದಲ್ಲೂ ಅಂಚು ಮಸುಕೇ ಇದ್ದರೆ ಲ್ಯಾಪ್‌ಟಾಪ್‌ನ ಕ್ಯಾಮೆರಾದಿಂದ ಇನ್ನೇನೂ ಹೊರಡುವುದಿಲ್ಲ. ಹೊರಗಿನ ವೆಬ್‌ಕ್ಯಾಮ್ ಕೊಳ್ಳುವ ಮುಂಚೆ ಕೈಯಲ್ಲಿರುವ ಫೋನನ್ನೇ ವೆಬ್‌ಕ್ಯಾಮ್ ಮಾಡಿ ನೋಡಿ. ಐಫೋನ್ ಮತ್ತು ಮ್ಯಾಕ್ ಇರುವವರಿಗೆ ಕಂಟಿನ್ಯೂಯಿಟಿ ಕ್ಯಾಮೆರಾ ಇದೆ, ವಿಂಡೋಸ್ 11ರಲ್ಲೂ ಆ್ಯಂಡ್ರಾಯ್ಡ್ ಫೋನನ್ನು ಕ್ಯಾಮೆರಾ ಆಗಿ ಜೋಡಿಸಬಹುದು. ಅದಕ್ಕೂ ಇದೇ ಸ್ಕೇಲು, ಇದೇ ಕುರ್ಚಿ, ಇದೇ ದೀಪ ಬಳಸಿ. ಗೋಡೆಯ ಅಗಲವನ್ನು ಮಾತ್ರ ಮತ್ತೆ ಅಳೆದುಕೊಳ್ಳಿ, ಫೋನಿನ ಲೆನ್ಸ್ ನೋಡುವ ಕೋನ ಬೇರೆ ಇರುವುದರಿಂದ ಮಿಲಿಮೀಟರಿಗೆ ಎಷ್ಟು ಪಿಕ್ಸೆಲ್ ಅನ್ನುವ ಲೆಕ್ಕವೂ ಬದಲಾಗುತ್ತದೆ.